ಅವ್ವ ಮತ್ತು ಒಂದು ಲೀಟರ್ ನೀರು

ನಮ್ಮವ್ವ ಯಾವ ಬೆಟ್ಟವನ್ನೂ ಹತ್ತಿದವಳಲ್ಲ. ಕಾರಣ ತುಂಬಾ ಸರಳ. ನಮ್ಮ ಅಫಜಲಪುರದ ಕಡೆ ಹತ್ತೋಣ ಅಂದರೂ ಬೆಟ್ಟಗಳಿಲ್ಲ! ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಎರೆಮಣ್ಣು, ತೊಗರಿ, ಜೋಳ, ಈಚೀಚೆಗೆ ಕಬ್ಬು. ದಕ್ಷಿಣಕ್ಕೆ ಹೋದರೆ ಭೀಮಾ ನದಿ. ನದಿಯ ಆಚೆ ದಂಡೆ ವಿಜಯಪುರ ಜಿಲ್ಲೆ, ಈಚೆ ದಂಡೆ ನಮ್ಮದು. ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವುದು ನಮಗೆ ಸುದ್ದಿಯೇ ಅಲ್ಲ. ಇಂಥ ಊರಿನಲ್ಲಿ ಒಬ್ಬ ಹೆಣ್ಣುಮಗಳು ಸಾಹಸ ಮಾಡಬೇಕು ಅಂದ್ರೆ ಏನು ಮಾಡಬೇಕು ಹೇಳಿ?

ನನ್ನ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋಗುವವರಿದ್ದಾರೆ. ಬಂದಮೇಲೆ ಫೋಟೋ ತೋರಿಸುತ್ತಾರೆ. ನೋಡಿ ಖುಷಿಯಾಗುತ್ತದೆ. "ನಿಮ್ಮ ಮನೇಲಿ ಯಾರಾದ್ರೂ ಹೀಗೆ ಅಡ್ವೆಂಚರ್ ಇಷ್ಟಪಡೋರು ಇದಾರಾ?" ಅಂತ ಒಬ್ಬ ಗೆಳೆಯ ಕೇಳಿದ್ದ. "ನಮ್ಮವ್ವ ಇದ್ದಳು" ಅಂದೆ. ಏನು ಮಾಡುತ್ತಿದ್ದರು ಅಂದ. ಪ್ರೈಮರಿ ಶಾಲೆ ಟೀಚರ್ ಅಂದೆ. ಅವನು ನಕ್ಕು ಸುಮ್ಮನಾದ. ಅವನಿಗೆ ಆಗ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವ್ವ ಹುಟ್ಟಿದ್ದು 1968ರಲ್ಲಿ, ಭೀಮಾ ದಂಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಆ ಹಳ್ಳಿಯವರಿಗೆ ಹೊಳೆ ದಾಟುವುದು ಹೊಸದಲ್ಲ. 1948ಕ್ಕೆ ಮುಂಚೆ ಈಚೆ ದಂಡೆ ಹೈದರಾಬಾದ್ ನಿಜಾಮನ ರಾಜ್ಯ, ಆಚೆ ದಂಡೆ ಮುಂಬೈ ಪ್ರಾಂತ. ರಜಾಕಾರರ ಗಲಾಟೆಯ ಕಾಲದಲ್ಲಿ ಎಷ್ಟೋ ಮನೆತನಗಳು ರಾತ್ರೋರಾತ್ರಿ ಹೊಳೆ ದಾಟಿ ಆಚೆ ಹೋದವು. ನಮ್ಮ ಅಜ್ಜಿ ಆಗ ಏಳೆಂಟು ವರ್ಷದ ಹುಡುಗಿ. ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದ್ದನ್ನು ಸಾಯುವತನಕ ಹೇಳುತ್ತಿದ್ದಳು. ಆ ಅಜ್ಜಿ ತನ್ನ ಮಗಳಿಗೆ ಮೊದಲು ಕಲಿಸಿದ್ದು ಈಜು. ಗಂಡುಹುಡುಗರ ಜೊತೆ ಹೆಣ್ಣುಮಗಳನ್ನು ಭಾವಿಗೆ ಇಳಿಸುತ್ತಾಳೆ ಅಂತ ಊರವರು ಆಡಿಕೊಂಡರಂತೆ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮೇಲೆ ನಿಂತು ಹಗ್ಗ ಹಿಡಿದವಳು ಅಜ್ಜಿಯೇ. ಹನ್ನೆರಡನೇ ವಯಸ್ಸಿಗೆ ಅವ್ವ ದೀಪಾವಳಿಯ ಹೊತ್ತಿನ ಭೀಮೆಯನ್ನು ಈಜಿ ಆಚೆ ದಂಡೆ ಮುಟ್ಟಿ, ಅಲ್ಲಿಂದ ಒಂದು ಜೋಳದ ದಂಟು ಮುರಿದುಕೊಂಡು ವಾಪಸ್ ಬಂದಿದ್ದಳು. ನಮ್ಮ ಮಾವ (ಅವ್ವನ ಅಣ್ಣ) ಅರ್ಧ ಹೊಳೆಗೆ ತಿರುಗಿ ಬಂದಿದ್ದ. ನಲವತ್ತು ವರ್ಷ ಆದಮೇಲೂ ಯಾವುದೇ ಮದುವೆ ಮನೆಯಲ್ಲಿ ಈ ವಿಷಯ ಬಂದರೆ ಮಾವ ಎದ್ದು ಹೊರಗೆ ಹೋಗುತ್ತಿದ್ದ :-)

"ನೀರಿಗಿ ಅಂಜಬಾರ್ದು, ಅಸಡ್ಡಿನೂ ಮಾಡಬಾರ್ದು" ಇದು ಅವ್ವ ನನಗೂ ಅಕ್ಕನಿಗೂ ಈಜು ಕಲಿಸುವಾಗ ಹೇಳಿದ ಮಾತು. ಈ ಮಾತು ಮುಂದೆ ಬೇರೆಯೇ ರೀತಿಯಲ್ಲಿ ಉಪಯೋಗಕ್ಕೆ ಬಂತು.

1984ರ ಮೇ ತಿಂಗಳಲ್ಲಿ ಬಚೇಂದ್ರಿ ಪಾಲ್ ಎವರೆಸ್ಟ್ ಹತ್ತಿದರಲ್ಲ, ಆಗ ಅವ್ವನಿಗೆ ಹದಿನಾರು. ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದಳು. ಆ ಟ್ರಂಕು ತವರಿನಿಂದ ಅವಳ ಜೊತೆಗೇ ಬಂತು. ಫೋಟೋ ಹಳದಿಯಾಗಿ ಮುಖವೇ ಕಾಣದಂತಾದರೂ ಕೀಳಲು ಬಿಡುತ್ತಿರಲಿಲ್ಲ. ಟಿ.ಸಿ.ಎಚ್. ಮುಗಿಸಿ, ನೌಕರಿ ಹಿಡಿದು, ಮೊದಲ ವರ್ಷದ ಸಂಬಳ ಕೂಡಿಸಿ ಅವಳು ತೆಗೆದುಕೊಂಡದ್ದು ಬಂಗಾರ ಅಲ್ಲ, ಒಂದು ಸೆಕೆಂಡ್ ಹ್ಯಾಂಡ್ ಲೂನಾ. ಶಾಲೆ ಊರಿನಿಂದ ಹನ್ನೊಂದು ಕಿಲೋಮೀಟರ್. ಬಸ್ಸು ದಿನಕ್ಕೆರಡು ಸಲ, ಅದೂ ಬಂದರೆ ಬಂತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ತಿರುಗದೇ ಹೋದಾಗ ಸೀರೆ ಎತ್ತಿ ಕಟ್ಟಿ, ಕಡ್ಡಿಯಿಂದ ಮಣ್ಣು ಕೆತ್ತಿ ಮುಂದೆ ಹೋಗುತ್ತಿದ್ದಳು. ಪೆಟ್ರೋಲ್ ಖಾಲಿಯಾದರೆ ಪೆಡಲ್ ತುಳಿಯುತ್ತಿದ್ದಳು. "ಲೂನಾ ಅಕ್ಕೋರು" ಅಂತಲೇ ಆ ಹಳ್ಳಿಯ ಮಕ್ಕಳು ಕರೆಯುತ್ತಿದ್ದರು.

ಇನ್ನೊಂದು ಪ್ರಸಂಗ ನಾನು ಹುಟ್ಟುವ ಮುಂಚಿನದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಜನ ಮಲಗಿದ್ದರು. ಕಲ್ಲು ಮಣ್ಣಿನ ಭಾರದ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತರು. ಆಳಂದ ದಾಟಿ ಉಮರ್ಗಾ ಕಡೆಯಿಂದ ಹೋದರೆ ಕಿಲ್ಲಾರಿ ನಮಗೆ ದೂರವೇನಲ್ಲ, ನಮ್ಮೂರಲ್ಲೂ ಪಾತ್ರೆಗಳು ಉರುಳಿದ್ದವು. ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಳೆ ಸೀರೆ, ಕೌದಿ ಎಲ್ಲಾ ಒಂದು ಲಾರಿಗೆ ತುಂಬಿದರು. ಲಾರಿಯ ಜೊತೆ ಗಂಡಸರು ಹೊರಟಾಗ ಅವ್ವನೂ ಹತ್ತಿ ಕುಳಿತಳು. ಆಗ ಅಕ್ಕನಿಗೆ ಒಂದೂವರೆ ವರ್ಷ. ಅಜ್ಜಿಯ ಕೈಗೆ ಕೊಟ್ಟು ಹೋದಳಂತೆ. "ಅಲ್ಲಿ ಹೆಣ್ಣಮಕ್ಕಳೂ ಇರ್ತಾರ. ಅವರಿಗಿ ಏನ್ ಬೇಕಂತ ನಿಮಗ ತಿಳೀತದೇನು?" ಅಂತ ಕೇಳಿದಳಂತೆ. ಯಾರೂ ಉತ್ತರ ಕೊಡಲಿಲ್ಲ. ಆರು ದಿನ ಅಲ್ಲಿದ್ದು ಬಂದಳು. ಅಲ್ಲಿ ಕಂಡದ್ದನ್ನು ನಮಗೆ ಯಾವತ್ತೂ ಪೂರ್ತಿ ಹೇಳಲಿಲ್ಲ. ಆದರೆ ಮನೆ ಕಟ್ಟಿಸುವಾಗ ಅಪ್ಪ ಹಳೇ ಪದ್ಧತಿಯಂತೆ ದಪ್ಪ ಕಲ್ಲಿನ ಗೋಡೆ ಮಾಡಿಸೋಣ ಅಂದರೆ ಒಪ್ಪಲಿಲ್ಲ.

ನಮ್ಮ ಬಾಲ್ಯದಲ್ಲಿ ಬೇಸಿಗೆ ರಜೆಗೆ ಒಂದು ಆಟ ಇತ್ತು. ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವುದು, ನಾವು ಕಣ್ಣು ಮುಚ್ಚಿ ಇಪ್ಪತ್ತು ಎಣಿಸುವುದು, ಕಣ್ಣು ಬಿಟ್ಟಾಗ ಎದುರಿಗೆ ಯಾವ ಬಸ್ಸಿನ ಬೋರ್ಡು ಕಾಣುತ್ತದೋ ಅದಕ್ಕೆ ಹತ್ತುವುದು! ಹೀಗೆ ಅಕ್ಕಲಕೋಟೆ ನೋಡಿದೆವು, ಸೊಲ್ಲಾಪುರ ನೋಡಿದೆವು, ಇಂಡಿ, ಸಿಂದಗಿ, ಜೇವರ್ಗಿ ನೋಡಿದೆವು. ಗಾಣಗಾಪುರದ ಬೋರ್ಡು ಎಷ್ಟು ಸಲ ಬರುತ್ತಿತ್ತು ಅಂದರೆ, ಭೀಮಾ-ಅಮರ್ಜಾ ಸಂಗಮದ ಮೆಟ್ಟಿಲುಗಳನ್ನು ನಾನು ಈಗಲೂ ಕಣ್ಣು ಮುಚ್ಚಿ ಇಳಿಯಬಲ್ಲೆ. ಒಮ್ಮೆ ಮಾತ್ರ ಬೋರ್ಡಿನ ಆಟ ಬಿಟ್ಟು ಅವಳೇ ಜಾಗ ಹೇಳಿದಳು, ಸನ್ನತಿ. ಅಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತ್ತು. ಒಂದು ಕಲ್ಲಿನಲ್ಲಿ ರಾಜ ರಾಣಿಯ ಚಿತ್ರ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರು. ಇಡೀ ದೇಶದ ಪಾಠಪುಸ್ತಕದಲ್ಲಿರುವ ಅಶೋಕ, ಹೆಸರಿನ ಸಮೇತ ಸಿಕ್ಕಿದ್ದು ನಮ್ಮ ಭೀಮಾ ದಂಡೆಯಲ್ಲಿ. "ಪುಸ್ತಕದಾಗ ಇರೋರೆಲ್ಲಾ ದೂರದವರಂತ ತಿಳ್ಕೋಬ್ಯಾಡ್ರಿ" ಅಂದಿದ್ದಳು. ಇತಿಹಾಸದ ಬಗ್ಗೆ ನನಗೆ ನೆನಪಿರುವ ಒಂದೇ ಪಾಠ ಇದು.

2016ರಲ್ಲಿ ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಅವ್ವನ ಕಾಲು ಬಾಯುತ್ತಿದ್ದವು. ಮೆಟ್ಟಿಲು ಹತ್ತಿದರೆ ಏದುಸಿರು. ತಪಾಸಣೆ ಮಾಡಿಸಿದಾಗ ಬಿ.ಪಿ. ವಿಪರೀತ ಇತ್ತು. ಎಷ್ಟು ವರ್ಷದಿಂದ ಇತ್ತೋ ಯಾರಿಗೆ ಗೊತ್ತು. ಬಿ.ಪಿ. ನೋವು ಕೊಡುವುದಿಲ್ಲ, ಸುಮ್ಮನೆ ಒಳಗೆ ಕೂತು ಕಿಡ್ನಿಯ ಸಣ್ಣ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತಾ ಹೋಗುತ್ತದೆ. ಎರಡು ವರ್ಷ ಮಾತ್ರೆ, ಪಥ್ಯ ಅಂತ ತಳ್ಳಿದೆವು. 2018ರ ಮಾರ್ಚಿನಲ್ಲಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ. ಮಂಗಳವಾರ, ಗುರುವಾರ, ಶನಿವಾರ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಯಾಕಂದ್ರೆ ಇದು ಮನೆಗೆ ಬರುವತನಕ ನಮಗೂ ಗೊತ್ತಿರಲಿಲ್ಲ. ಕಿಡ್ನಿ ಕೆಲಸ ನಿಲ್ಲಿಸಿದಮೇಲೆ ಮೂತ್ರ ಕಡಿಮೆಯಾಗುತ್ತಾ ನಿಂತೇ ಹೋಗುತ್ತದೆ. ಅಂದರೆ ಕುಡಿದ ನೀರು ಹೊರಗೆ ಹೋಗುವ ದಾರಿಯೇ ಇಲ್ಲ. ಅದು ಕಾಲಿನಲ್ಲಿ ನಿಲ್ಲುತ್ತದೆ, ಆಮೇಲೆ ಪುಪ್ಪುಸಕ್ಕೆ ಏರುತ್ತದೆ, ಹೃದಯದ ಮೇಲೆ ಭಾರ ಹಾಕುತ್ತದೆ. ಹಾಗಾಗಿ ಡಾಕ್ಟರು ಅವ್ವನಿಗೆ ಹಾಕಿದ ಲೆಕ್ಕ ದಿನಕ್ಕೆ ಒಂದು ಲೀಟರ್. ಚಹಾ, ಮಜ್ಜಿಗೆ, ಸಾರು, ಮಾತ್ರೆಗೆ ಕುಡಿಯುವ ನೀರು, ಎಲ್ಲಾ ಸೇರಿ ಒಂದೇ ಲೀಟರ್. ಕಲಬುರಗಿ ಜಿಲ್ಲೆಯ ಏಪ್ರಿಲ್ ತಿಂಗಳಲ್ಲಿ!

ಊಟದಲ್ಲೂ ಹಾಗೇ. ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯ ಒಮ್ಮೆಲೇ ನಿಂತುಬಿಡಬಹುದು. ಹಾಗಾಗಿ ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ಪುಂಡಿಪಲ್ಯ ಇಲ್ಲ. ಕಾಯಿಪಲ್ಯ ಕುದಿಸಿ ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ. ತೊಗರಿಯ ಕಣಜದಲ್ಲಿ ಹುಟ್ಟಿ ಬೆಳೆದವಳಿಗೆ ತೊಗರಿ ಬೇಳೆ ಅಳತೆಯ ಮೇಲೆ. ಉಪ್ಪು ಚಿಟಿಕೆ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಎಲ್ಲರಿಗೂ ಭಜ್ಜಿ ಪಲ್ಯ ಬಡಿಸಿ, ತಾನು ಒಂದು ಚಮಚ ನಾಲಿಗೆಗೆ ಹಚ್ಚಿಕೊಂಡು "ರುಚಿ ಬರೋಬರಿ ಅದ" ಅನ್ನುತ್ತಿದ್ದಳು.

ನೀರಿನ ಜೊತೆ ಅವಳು ಹೇಗೆ ಹೊಂದಿಕೊಂಡಳು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಲೀಟರಿನ ಬಾಟಲಿ ಬೆಳಿಗ್ಗೆ ತುಂಬಿಸಿ ಇಡುವುದು. ಚಹಾ ಕುಡಿದರೆ ಅಷ್ಟೇ ಅಳತೆಯ ನೀರು ಅದರಿಂದ ಗಿಡಕ್ಕೆ ಹಾಕುವುದು. ಗುಟುಕು ನೀರನ್ನು ಬಾಯಲ್ಲಿ ಇಟ್ಟುಕೊಂಡು ಐದು ನಿಮಿಷ ತಿರುಗಾಡುವುದು. ಮಧ್ಯಾಹ್ನದ ಬಿಸಿಲಿಗೆ ಒದ್ದೆ ಟವೆಲ್ ತಲೆಗೆ. ಸಂಜೆ ಬಾಟಲಿಯಲ್ಲಿ ನೂರು ಎಂ.ಎಲ್. ಉಳಿದಿದ್ದರೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದವರ ಹಾಗೆ ನಮಗೆಲ್ಲಾ ತೋರಿಸುವುದು. ಡಯಾಲಿಸಿಸ್ಸಿಗೆ ಹೋದಾಗ ತೂಕ ನೋಡುತ್ತಾರೆ, ಎರಡು ದಿನದಲ್ಲಿ ಎಷ್ಟು ನೀರು ಸೇರಿದೆ ಅನ್ನುವುದು ತೂಕದಲ್ಲೇ ಗೊತ್ತಾಗುತ್ತದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಅತಿ ಕಡಿಮೆ ತೂಕ ಏರುತ್ತಿದ್ದದ್ದು ಅವ್ವನದೇ ಅಂತ ಟೆಕ್ನಿಷಿಯನ್ ಹುಡುಗ ಹೇಳುತ್ತಿದ್ದ. ಬೇರೆ ರೋಗಿಗಳಿಗೆ ಅವ್ವ ಪಾಠ ಶುರು ಮಾಡಿದಳು. ಟೀಚರ್ ಅಲ್ಲವೇ!

ಅಫಜಲಪುರದಿಂದ ಕಲಬುರಗಿಗೆ ಸುಮಾರು 60 ಕಿಲೋಮೀಟರ್. ಹೋಗಿ ಬರಲು 120. ವಾರಕ್ಕೆ 360. ನಾನೊಮ್ಮೆ ಲೆಕ್ಕ ಹಾಕಿ ನೋಡಿದೆ. 2018ರ ಮಾರ್ಚಿನಿಂದ 2023ರ ಫೆಬ್ರುವರಿಯವರೆಗೆ ಹೆಚ್ಚುಕಡಿಮೆ 90 ಸಾವಿರ ಕಿಲೋಮೀಟರ್ ಆಗುತ್ತದೆ. ಭೂಮಿಯ ಸುತ್ತಳತೆ 40 ಸಾವಿರ. ಅಂದರೆ ನಮ್ಮವ್ವ ಕೆಂಪು ಬಸ್ಸಿನಲ್ಲಿ ಕೂತು ಭೂಮಿಗೆ ಎರಡು ಸುತ್ತು ಹಾಕಿದ್ದಾಳೆ. ಇದನ್ನು ಅವಳಿಗೆ ಬದುಕಿದ್ದಾಗಲೇ ಹೇಳಿದ್ದೆ, ಆಗಿನ್ನೂ ಒಂದು ಸುತ್ತು ಮುಗಿದಿತ್ತು. "ಖಿಡಕಿ ಸೀಟ್ ಸಿಕ್ಕಿದ್ದು ಎಷ್ಟು ಸುತ್ತಿಗಿ, ಅದೂ ಲೆಕ್ಕ ತಗಿ" ಅಂದಳು.

ಡಯಾಲಿಸಿಸ್ ನಡೆಯುವ ನಾಲ್ಕು ತಾಸು ನಾನು ಜೊತೆಗಿದ್ದಾಗ ಅವಳಿಗೆ ಕತೆ ಬೇಕಿತ್ತು. ಯಂತ್ರದ ಬಗ್ಗೆ ಓದಿ ಹೇಳುತ್ತಿದ್ದೆ. ಇದನ್ನು ಮೊದಲು ಮಾಡಿದವರು ವಿಲೆಮ್ ಕೋಲ್ಫ್ ಅನ್ನುವ ಡಚ್ ಡಾಕ್ಟರು, ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ. ಜರ್ಮನರು ದೇಶ ಹಿಡಿದಿದ್ದರು, ಸಾಮಾನು ಸಿಗುತ್ತಿರಲಿಲ್ಲ. ಸಾಸೇಜ್ ತಿಂಡಿಗೆ ಹೊದಿಸುವ ಸೆಲೋಫೇನ್ ಕೊಳವೆಯನ್ನೇ ಡ್ರಮ್ಮಿಗೆ ಸುತ್ತಿ ರಕ್ತ ಹರಿಸಿದರು. ಮೊದಲ ಹದಿನೈದಿಪ್ಪತ್ತು ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದಳು. ಅವ್ವ ಪೂರ್ತಿ ಕೇಳಿ, "ಅಷ್ಟು ಮಂದಿ ಸತ್ತರೂ ಬಿಟ್ಟಿಲ್ಲ ನೋಡು ಆ ಮನಷ್ಯಾ. ಧೈರ್ಯ ಅಂದ್ರ ಅದು. ಆ ಹೆಣ್ಣಮಗಳದೂ ಧೈರ್ಯ" ಅಂದಳು. ಒಂದು ಸಲದ ಡಯಾಲಿಸಿಸ್ಸಿಗೆ ಸುಮಾರು 120 ಲೀಟರ್ ದ್ರವ ಯಂತ್ರದೊಳಗೆ ಹರಿಯುತ್ತದೆ ಅಂತ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಷಿನ್ ಕುಡೀತದ, ನಾ ಕುಡಿಯಂಗಿಲ್ಲ" ಅಂದು ನಕ್ಕಳು.

ಅವ್ವನ ಎಡ ಮುಂಗೈಯಲ್ಲಿ ಫಿಸ್ಟುಲಾ ಮಾಡಿದ್ದರು. ಶುದ್ಧ ರಕ್ತದ ನಾಳವನ್ನು ಅಶುದ್ಧ ರಕ್ತದ ನಾಳಕ್ಕೆ ನೇರವಾಗಿ ಜೋಡಿಸುವ ಸಣ್ಣ ಆಪರೇಷನ್ ಅದು. ಆಮೇಲೆ ಆ ನಾಳ ದಪ್ಪವಾಗಿ ಬೆಳೆಯುತ್ತದೆ, ಸೂಜಿ ಚುಚ್ಚಲು ಅನುಕೂಲ. ರಕ್ತ ರಭಸದಿಂದ ಹರಿಯುವುದರಿಂದ ಮುಟ್ಟಿದರೆ ಝುಂ ಅನ್ನುವ ಕಂಪನ ಕೈಗೆ ತಿಳಿಯುತ್ತದೆ. ಆ ಕೈಯಲ್ಲಿ ಭಾರ ಎತ್ತಬಾರದು, ಬಿ.ಪಿ. ನೋಡಬಾರದು, ಬಿಗಿ ಬಳೆ ಹಾಕಬಾರದು. ಎಡಗೈಯ ಹಸಿರು ಬಳೆ ತೆಗೆದದ್ದು ಅವಳಿಗಿಂತ ಅತ್ತೆಯವರಿಗೆ ಹೆಚ್ಚು ಕಷ್ಟವಾಯಿತು. ಅವ್ವ ಮಾತ್ರ ಅಕ್ಕನ ಮಕ್ಕಳನ್ನು ಕರೆದು ಅವರ ಬೆರಳು ಅಲ್ಲಿಡಿಸಿ, "ಇಲ್ಲಿ ಕೇಳ್ರಿ, ಅಜ್ಜಿ ಕೈಯಾಗ ರೈಲು ಓಡ್ಲಕತ್ತದ" ಅನ್ನುತ್ತಿದ್ದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಕಂಪನ ಇದೆಯೇ ಅಂತ ನೋಡಿಕೊಳ್ಳಬೇಕು, ನಿಂತರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅಂತ ಡಾಕ್ಟರು ಹೇಳಿದ್ದರು. ನಾನು ಊರಿಗೆ ಹೋದಾಗಲೆಲ್ಲ ಮೊದಲು ಹಿಡಿಯುತ್ತಿದ್ದದ್ದು ಆ ಕೈಯನ್ನೇ.

ಅವ್ವ ಸಮುದ್ರ ನೋಡಿರಲಿಲ್ಲ. ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆಯವರೆಗೆ ವಾರದಲ್ಲಿ ಒಂದೇ ಒಂದು ದೊಡ್ಡ ಖಾಲಿ ಜಾಗ ಇರುತ್ತದೆ. ಆ ಜಾಗದಲ್ಲಿ ಏನೇನು ತುರುಕಬಹುದು ಅಂತ ಯೋಚಿಸಿದವಳು ಅವಳೇ. 2019ರ ಫೆಬ್ರುವರಿಯಲ್ಲಿ ಒಂದು ಶನಿವಾರ ಡಯಾಲಿಸಿಸ್ ಮುಗಿಸಿ, ಕೈಗೆ ಹತ್ತಿ ಪಟ್ಟಿ ಇದ್ದ ಹಾಗೇ ಕಲಬುರಗಿ ಸ್ಟೇಷನ್ನಿಗೆ ಬಂದು ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದೆವು. ಅಪ್ಪ, ಅವ್ವ, ನಾನು. ಚೀಲದಲ್ಲಿ ಉಪ್ಪಿಲ್ಲದ ರೊಟ್ಟಿ, ಅಳತೆಯ ಬಾಟಲಿ, ಎಲ್ಲಾ ರಿಪೋರ್ಟುಗಳ ಫೈಲು, ಮುಂಬೈಯಲ್ಲಿ ತುರ್ತು ಬಂದರೆ ಇರಲಿ ಅಂತ ಮೂರು ಡಯಾಲಿಸಿಸ್ ಸೆಂಟರುಗಳ ಫೋನ್ ನಂಬರು. ಭಾನುವಾರ ನಸುಕಿನಲ್ಲಿ ಇಳಿದೆವು. ಗಿರಗಾಂವ್ ಚೌಪಾಟಿಗೆ ಹೋದಾಗ ಇನ್ನೂ ಬಿಸಿಲು ಏರಿರಲಿಲ್ಲ. ಅವ್ವ ಚಪ್ಪಲಿ ಬಿಟ್ಟು ಮೊಣಕಾಲತನಕ ನೀರಿನಲ್ಲಿ ನಿಂತಳು. ಫಿಸ್ಟುಲಾ ಇರುವ ಕೈ ಮೇಲೆತ್ತಿ ಹಿಡಿದಿದ್ದಳು, ಕೊಳಕು ನೀರು ತಾಗಬಾರದಲ್ಲ. ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು, "ಯವ್ವಾ! ಇಷ್ಟು ನೀರು, ಒಂದ್ ಹನಿನೂ ಯಾರೂ ಕುಡಿಯಂಗಿಲ್ಲ. ನನ್ನಂಗೇ ಎಲ್ಲಾರೂ" ಅಂದಳು. ಅವತ್ತು ಅವಳು ಖುಷಿಯಲ್ಲಿದ್ದಳು. ರಾತ್ರಿ ಮತ್ತೆ ರೈಲು ಹತ್ತಿ ಸೋಮವಾರ ಬೆಳಿಗ್ಗೆ ಕಲಬುರಗಿಯಲ್ಲಿದ್ದೆವು. ಮಂಗಳವಾರದ ತೂಕದಲ್ಲಿ ಏರಿದ್ದು ಒಂದೂವರೆ ಕೆ.ಜಿ. ಅಷ್ಟೇ.

ಈಗ ಹೇಳಬೇಕಾದ್ದು ಕಷ್ಟದ ವಿಷಯ.

ಕಿಡ್ನಿ ಕಸಿ ಮಾಡಿಸುವ ಮಾತು ಮೊದಲಿನಿಂದಲೂ ಇತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ ಅಂದರು. ಸತ್ತವರು ದಾನ ಮಾಡಿದ ಕಿಡ್ನಿಗೆ ರಾಜ್ಯದಲ್ಲಿ ಸರದಿ ಪಟ್ಟಿ ಇದೆ, ಅದರಲ್ಲಿ ಹೆಸರು ಬರೆಸಬಹುದು. ಆದರೆ ಸರದಿ ಬರಲು ವರ್ಷಗಳು. ಬಂದ ದಿನ ಕಿಡ್ನಿಯನ್ನು ಮಂಜಿನಲ್ಲಿಟ್ಟರೂ ಹೆಚ್ಚೆಂದರೆ ಒಂದು ದಿನದೊಳಗೆ ಜೋಡಿಸಬೇಕು, ಬೇಗ ಆದಷ್ಟೂ ಒಳ್ಳೆಯದು. ಅಫಜಲಪುರದಲ್ಲಿ ಇರುವವರಿಗೆ ಬೆಂಗಳೂರಿನ ಆಸ್ಪತ್ರೆಯಿಂದ ನಡುರಾತ್ರಿ ಫೋನ್ ಬಂದರೆ ಏನು ಗತಿ? ಉಳಿದದ್ದು ಅಕ್ಕ ಮತ್ತು ನಾನು. ನಾನು ಕೊಡುತ್ತೇನೆ ಅಂದೆ. ನನ್ನ ಬ್ಲಡ್ ಗ್ರೂಪ್ ಹೊಂದುತ್ತಿತ್ತು.

ಅವ್ವ ಒಪ್ಪಲಿಲ್ಲ.

ನಾನು ಇಂಜಿನಿಯರ್ ತಲೆಯವನು. ಒಂದು ಕಿಡ್ನಿ ಇದ್ದರೂ ಆರೋಗ್ಯವಾಗಿ ಬಾಳಬಹುದು ಅಂತ ಓದಿದ್ದನ್ನೆಲ್ಲ ಕನ್ನಡಕ್ಕೆ ಮಾಡಿ, ಪ್ರಿಂಟ್ ತೆಗೆದು ಕೊಟ್ಟೆ. ಡಾಕ್ಟರಿಂದ ಹೇಳಿಸಿದೆ. ಅವಳು ಎಲ್ಲವನ್ನೂ ಓದಿದಳು, ಎಲ್ಲವನ್ನೂ ಕೇಳಿದಳು. ಆಮೇಲೆ ಎರಡೇ ಮಾತು. "ನಂದು ಬಿ.ಪಿ. ಇಂದ ಬಂದದ್ದು. ನಮ್ಮಪ್ಪಗೂ ಇತ್ತು. ನಾಳೆ ನಿನಗ ಬಂದ್ರ ಆ ಒಂದು ಕಿಡ್ನಿ ಯಾರದಂತ ಹುಡ್ಕಲಿ?" ಇದು ಮೊದಲನೆಯದು. ಎರಡನೆಯದಕ್ಕೆ ನನ್ನ ಹತ್ತಿರ ಯಾವ ಪ್ರಿಂಟೂ ಇರಲಿಲ್ಲ. "ನಿನ್ನ ಹಡದೀನಿ ತಮ್ಮಾ. ಕೊಟ್ಟಿದ್ದು ತಿರುಗಿ ಇಸ್ಕೊಳ್ಳೋ ಪದ್ಧತಿ ನಮ್ಮನ್ಯಾಗ ಇಲ್ಲ."

ಹೊಳೆ ಈಜಿದವಳು, ಭೂಕಂಪದ ಊರಿಗೆ ಲಾರಿ ಹತ್ತಿದವಳು, ಇದೊಂದಕ್ಕೆ ಮಾತ್ರ ಹೆಜ್ಜೆ ಇಡಲಿಲ್ಲ. ನನಗೆ ಸಿಟ್ಟು ಬಂತು. ಎರಡು ತಿಂಗಳು ನಾವಿಬ್ಬರೂ ಫೋನಿನಲ್ಲಿ ಊಟ, ತೂಕ ಬಿಟ್ಟು ಬೇರೆ ಮಾತಾಡಲಿಲ್ಲ. ತನ್ನ ಜೀವದ ಜೊತೆ ಎಷ್ಟು ಬೇಕಾದರೂ ಆಡುವವರು ಬೇರೆಯವರ ಜೀವದ ವಿಷಯದಲ್ಲಿ ಎಷ್ಟು ಅಂಜುಬುರುಕರಾಗುತ್ತಾರೆ ಅಂತ ನಾನು ಆಗ ನೋಡಿದೆ. ಕಾನೂನು ಕೊಡುವವನ ಒಪ್ಪಿಗೆ ಕೇಳುತ್ತದೆ, ಸರಿ. ಆದರೆ ತೆಗೆದುಕೊಳ್ಳುವವರೂ ಒಪ್ಪಬೇಕಲ್ಲ! ಅಲ್ಲಿಗೆ ಆ ಮಾತು ನಿಂತಿತು. ಈಗಲೂ ನನ್ನ ತಲೆಯಲ್ಲಿ ಅವಳ ಜೊತೆ ಈ ವಾದ ನಡೆಯುತ್ತಲೇ ಇದೆ. ಒಂದೊಂದು ದಿನ ಅವಳು ಗೆಲ್ಲುತ್ತಾಳೆ, ಒಂದೊಂದು ದಿನ ನಾನು.

2020ರ ಮಾರ್ಚ್ ಬಂತು. ಕೊರೊನಾದಿಂದ ದೇಶದಲ್ಲೇ ಮೊದಲ ಸಾವು ವರದಿಯಾದದ್ದು ಕಲಬುರಗಿಯಲ್ಲಿ, ನಿಮಗೆ ನೆನಪಿರಬಹುದು. ದೇಶಕ್ಕೆ ಲಾಕ್‌ಡೌನ್ ಬರುವ ಮುಂಚೆಯೇ ನಮ್ಮ ಕಡೆ ಬಾಗಿಲು ಮುಚ್ಚತೊಡಗಿದ್ದವು. ಬಸ್ಸು ನಿಂತವು. ಡಯಾಲಿಸಿಸ್ ನಿಲ್ಲಿಸುವ ಹಾಗಿಲ್ಲ. ಜೀವನದಲ್ಲಿ ಮೂವತ್ತರ ಮೇಲೆ ಗಾಡಿ ಓಡಿಸದ ನಮ್ಮಪ್ಪ, ಪಾಸ್ ತೆಗೆದುಕೊಂಡು, ಬೈಕಿನ ಹಿಂದೆ ಅವ್ವನನ್ನು ಕೂರಿಸಿಕೊಂಡು ವಾರಕ್ಕೆ ಮೂರು ಸಲ ಕಲಬುರಗಿಗೆ ಹೋಗಿಬಂದರು. ದಾರಿಯುದ್ದಕ್ಕೂ ಪೊಲೀಸರು, ಖಾಲಿ ರಸ್ತೆ, ನೆತ್ತಿ ಸುಡುವ ಬಿಸಿಲು. "ಮೂವತ್ತು ವರ್ಷಕ್ಕ ನಿಮ್ಮಪ್ಪ ನನ್ನ ಜಂಟಿ ತಿರಗ್ಯಾಡ್ಸಲಕತ್ತಾರ" ಅಂತ ಅವ್ವ ಫೋನಿನಲ್ಲಿ ಹೇಳಿದಳು. ನಾನು ಮನೆಯಿಂದಲೇ ಕೆಲಸ ಅಂತ ಆದಮೇಲೆ ಊರಿಗೆ ಬಂದೆ.

ಅದೇ ವರ್ಷ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂತು. ಮಹಾರಾಷ್ಟ್ರದಲ್ಲೂ ನಮ್ಮಲ್ಲೂ ಒಟ್ಟಿಗೇ ಮಳೆ ಸುರಿದು, ಮೇಲಿನ ಆಣೆಕಟ್ಟುಗಳಿಂದ ನೀರು ಬಿಟ್ಟು, ಸೊನ್ನ ಬ್ಯಾರೇಜಿನ ಕೆಳಗೆ ಹಳ್ಳಿಹಳ್ಳಿಗಳೇ ಮುಳುಗಿದವು. ಹಳ್ಳಗಳು ತುಂಬಿ ರಸ್ತೆ ಬಂದ್. ಅವ್ವನಿಗೆ ಒಂದು ಡಯಾಲಿಸಿಸ್ ತಪ್ಪಿತು. ನಮಗೆ ಯಾರೂ ಹೇಳುವ ಮುಂಚೆಯೇ ಅವಳು ತನ್ನ ಬಾಟಲಿಯ ನೀರನ್ನು ಅರ್ಧಕ್ಕೆ ಇಳಿಸಿದ್ದಳು. ಮೂರನೇ ದಿನ ಹಳ್ಳದ ನೀರು ಸ್ವಲ್ಪ ಇಳಿದಾಗ ಟ್ರ್ಯಾಕ್ಟರಿನಲ್ಲಿ ಆಚೆ ದಾಟಿಸಿ, ಅಲ್ಲಿಂದ ಜೀಪು ಮಾಡಿಕೊಂಡು ಮುಟ್ಟಿಸಿದೆವು. ಟ್ರ್ಯಾಲಿಯಲ್ಲಿ ನಿಂತು ಅವಳು ಸುತ್ತಲಿನ ಕೆಂಪು ನೀರನ್ನೇ ನೋಡುತ್ತಿದ್ದಳು. ತೊಗರಿ ಹೊಲ ಯಾವುದು, ರಸ್ತೆ ಯಾವುದು ಗೊತ್ತಾಗದಂತೆ ನೀರು. "ಇಷ್ಟೂ ಅದ ನೋಡು. ನನಗಷ್ಟೇ ಒಂದ್ ಲೀಟರ್" ಅಂದಳು. ಐದು ವರ್ಷದಲ್ಲಿ ಅವಳು ಗೊಣಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವ್ವ ಆ ಸುದ್ದಿಯನ್ನು ನೋಡಿದ್ದು ಮನೆಯ ಟಿವಿಯಲ್ಲಿ, ಅಂದು ಶುಕ್ರವಾರ. ಮರುದಿನ ಡಯಾಲಿಸಿಸ್ ಸೆಂಟರಿನಲ್ಲೂ ಎಲ್ಲರೂ ಅದನ್ನೇ ನೋಡುತ್ತಾ ಅಳುತ್ತಿದ್ದರಂತೆ. ಅಪ್ಪ ಡಾ. ರಾಜ್‌ಕುಮಾರ್ 2006ರಲ್ಲಿ ಕಣ್ಣು ಕೊಟ್ಟಂತೆ ಮಗನೂ ಕಣ್ಣು ಕೊಟ್ಟರು, ಅದರಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಅವ್ವ ಡಾಕ್ಟರನ್ನು ಕೇಳಿದಳು, ಕಿಡ್ನಿ ಹೋದವರ ಕಣ್ಣು ಬರುತ್ತದೋ ಇಲ್ಲವೋ ಅಂತ. ಬರುತ್ತದೆ ಅಂದರು. ಅವರು ತೆಗೆದುಕೊಳ್ಳುವುದು ಕಣ್ಣಿನ ಮುಂದಿನ ಪಾರದರ್ಶಕ ಪರದೆ, ಕಾರ್ನಿಯಾ. ಅದಕ್ಕೆ ಕಿಡ್ನಿಯ ಜೊತೆ ಸಂಬಂಧವಿಲ್ಲ. ಸತ್ತ ಆರು ತಾಸಿನೊಳಗೆ ತೆಗೆಯಬೇಕು ಅಷ್ಟೇ. ಮುಂದಿನ ವಾರ ಅವಳು ಫಾರಂ ತುಂಬಿದಳು. ಅಪ್ಪನ ಸಹಿ, ನನ್ನ ಸಹಿ ಹಾಕಿಸಿದಳು. ನಾನು ಸಹಿ ಹಾಕುವಾಗ ಅವಳ ಮುಖ ನೋಡಿದೆ. ನನ್ನ ಮನಸ್ಸಿನಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿತ್ತು. "ಕೊಡೋದು ಬ್ಯಾರಿ, ಇಸ್ಕೊಳ್ಳೋದು ಬ್ಯಾರಿ" ಅಂದಳು.

2022ರ ಕೊನೆಯ ಹೊತ್ತಿಗೆ ಹೃದಯ ಸೋತಿತ್ತು. ಯಂತ್ರದ ಮೇಲೆ ಅರ್ಧ ತಾಸಿಗೇ ಬಿ.ಪಿ. ಬೀಳುತ್ತಿತ್ತು. 2023ರ ಫೆಬ್ರುವರಿ, ಶಿವರಾತ್ರಿಗೆ ಇನ್ನೂ ಒಂದು ವಾರ ಇತ್ತು. ನಸುಕಿನಲ್ಲಿ ಮಲಗಿದ ಕಡೆಯೇ ಹೋದಳು. ಅಪ್ಪ ಮೊದಲು ಫೋನ್ ಮಾಡಿದ್ದು ನೇತ್ರ ಬ್ಯಾಂಕಿಗೆ, ಆಮೇಲೆ ನನಗೆ. ಹೀಗೆ ಮಾಡಬೇಕು ಅಂತ ಅವಳೇ ಕ್ರಮ ಬರೆಸಿಟ್ಟಿದ್ದಳು. ಕಣ್ಣು ತೆಗೆದರೆ ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ಟುತ್ತಾರೆ ಅಂತ ಯಾರೋ ಹಿರಿಯರು ಗುಸುಗುಸು ಅಂದರಂತೆ. ಹೆಚ್ಚು ಮಾತಾಡದ ಅಪ್ಪ, "ಹುಟ್ಟಲಿ. ಆಗ ಯಾರಾದ್ರೂ ಆಕಿಗಿ ಕೊಡ್ತಾರ" ಅಂದರಂತೆ. ಕಲಬುರಗಿಯಿಂದ ಬಂದ ತಂಡ ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ, ಕೈಮುಗಿದು ಹೋಯಿತು.

ನಾನು ಬೆಂಗಳೂರಿನಿಂದ ಮುಟ್ಟಿದಾಗ ಸಂಜೆಯಾಗಿತ್ತು. ಮುಖ ಎಂದಿನಂತೆಯೇ ಇತ್ತು, ಮಲಗಿದ ಹಾಗೆ. ರೂಢಿಯಂತೆ ಮೊದಲು ಎಡಗೈ ಹಿಡಿದೆ. ಐದು ವರ್ಷದಲ್ಲಿ ಮೊದಲ ಸಲ ಅಲ್ಲಿ ರೈಲು ಓಡುತ್ತಿರಲಿಲ್ಲ. ಬೇರೆ ಯಾವುದರಿಂದಲೂ ಅಲ್ಲ, ಅದರಿಂದ ನನಗೆ ಅವ್ವ ಇಲ್ಲ ಅಂತ ಗೊತ್ತಾಯಿತು. ನಮ್ಮದೇ ಹೊಲದಲ್ಲಿ, ಭೀಮೆಯ ಕಡೆ ಮುಖ ಮಾಡಿ ಮಣ್ಣು ಮಾಡಿದೆವು. ಲೂನಾ ಅಕ್ಕೋರ ಹತ್ತಿರ ಕಲಿತ ಹುಡುಗರು, ಈಗ ಅ‌ವರೆಲ್ಲ ಮಕ್ಕಳ ತಂದೆಯರು, ಮೂರು ಟಂಟಂ ತುಂಬಾ ಬಂದಿದ್ದರು.

ಕಣ್ಣು ಯಾರಿಗೆ ಹೋದವು ಅಂತ ಹೇಳುವುದಿಲ್ಲ, ಅದು ನಿಯಮ. ಅದು ಒಳ್ಳೆಯದೇ. ಗೊತ್ತಾಗಿದ್ದರೆ ನಾನು ಹೋಗಿ ಆ ಮುಖವನ್ನೇ ನೋಡುತ್ತಾ ಕೂರುತ್ತಿದ್ದೆ, ಅವರಿಗೆ ಕಿರಿಕಿರಿಯಾಗುತ್ತಿತ್ತು. ಗೊತ್ತಿಲ್ಲದಿರುವುದರಿಂದ ಈಗ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ಓದುವ ಯಾರನ್ನು ಕಂಡರೂ ಒಂದು ಕ್ಷಣ ನಿಂತು ನೋಡುತ್ತೇನೆ. ಯಾವ ಬಸ್ಸಿಗೆ ಹತ್ತುತ್ತಾರೋ ನೋಡೋಣ ಅಂತ.